ಬೀಗರ ಮಗಳನ್ನು ಓದಿಸಿದ್ದು

ಬೀಗ ರಿಪೇರಿ ಮಾಡುವ ಅವನನ್ನು ಬೀದಿಯವರೆಲ್ಲ 'ಬೀಗರೇ' ಎಂದೇ ಕರೆಯುತ್ತಿದ್ದರು. ಹೆಣ್ಣು ಕೊಟ್ಟಿದ್ದೂ ಇಲ್ಲ, ತಂದಿದ್ದೂ ಇಲ್ಲ. ಆದರೂ ಊರಿಗೆಲ್ಲ ಬೀಗರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಕೂತು ಕೀಲಿಕೈಯ ಹಲ್ಲು ಉಜ್ಜುತ್ತಿದ್ದವನಿಗೆ ಕಸುಬು ಕಲಿಸಿದ ಪಾಠ ಒಂದೇ: ತೆಗೆಯಲಾಗದ ಬೀಗ ಇಲ್ಲ, ಆದ್ದರಿಂದ ನಂಬಬಹುದಾದ ಮನುಷ್ಯನೂ ಇಲ್ಲ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಎನ್ನುವನು. ನಗದಿದ್ದರೆ, ಬೆರೆಸಿದ್ದಕ್ಕೇ ಮುಖ ತಪ್ಪಿಸುತ್ತಿದ್ದಾನೆ ಎನ್ನುವನು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹೆಂಡತಿ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಳು.

ಅವನ ಅನುಮಾನಕ್ಕೆ ಹೊರತಾಗಿದ್ದವಳು ಮಗಳೊಬ್ಬಳೇ. ಇರುವ ಒಂದೇ ಕೂಸು, ಕಣ್ಣಿನ ಗೊಂಬೆ. ಆ ಗೊಂಬೆಗೆ ಪುಸ್ತಕವೆಂದರೆ ಮಾತ್ರ ಆಗದು. "ಓದ್ಕೋ ಪುಟ್ಟಾ" ಎಂದ ಕೂಡಲೇ ಹೊಟ್ಟೆನೋವು, ನೀರಡಿಕೆ, ಆಕಳಿಕೆ ಎಲ್ಲ ಸಾಲಾಗಿ ಬರುತ್ತಿದ್ದವು. ತೊದಲಿ ತೊದಲಿ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅವಳಿಗೂ ಬೆವರು, ಕೇಳುವವರಿಗೂ ಬೆವರು.

ಮಹಡಿಯ ಮೇಲೆ ಒಬ್ಬ ನರ್ಸಮ್ಮ ಬಾಡಿಗೆಗೆ ಬಂದರು. ಆಸ್ಪತ್ರೆಯಿಂದ ನಿವೃತ್ತರಾದವರು, ಗಂಡನಿಲ್ಲ, ಮಕ್ಕಳಿಲ್ಲ. ಬೀರುವಿನ ಬೀಗ ಕಚ್ಚಿಕೊಂಡಿದೆ ಎಂದು ಕರೆದರು. ಅವನು ಹೋದ, ಸಾಮಾನಿನ ಚೀಲ ಹಿಡಿದು ಮಗಳೂ ಹಿಂದೆ ಹೋದಳು. ಬೀಗ ತೆಗೆದರೆ ಒಳಗೆ ಒಡವೆಯಿಲ್ಲ, ರೇಷ್ಮೆಯಿಲ್ಲ. ಮಕ್ಕಳ ಕತೆ ಪುಸ್ತಕಗಳು, ತಳದಿಂದ ತುದಿಯವರೆಗೆ. ಪುಸ್ತಕಕ್ಕೆ ಯಾರಾದರೂ ಬೀಗ ಹಾಕುತ್ತಾರೆಯೇ? ಅಲ್ಲಿಂದಲೇ ಅವನ ತಲೆಯೊಳಗೆ ಹುಳ ಹೊಕ್ಕಿತು. ಮಗಳು ಒಂದು ಹಡಗಿನ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಏಳಲೇ ಇಲ್ಲ. ನರ್ಸಮ್ಮ ಅದನ್ನು ನೋಡಿ ಹೇಳಿದರು: "ಬೀಗರೇ, ಸಂಜೆ ಹೊತ್ತು ಮಗಳನ್ನ ನನ್ನ ಹತ್ರ ಕಳಿಸಿ. ನಾನು ಓದಿಸ್ತೀನಿ."

ಅವನು ಮಗಳ ಕೈ ಹಿಡಿದು ಎಬ್ಬಿಸಿ ಕೆಳಗೆ ಕರೆತಂದ. ಓದಿಸುವುದೆಂದರೇನು ಸಾಮಾನ್ಯವೇ? ಹೊಟ್ಟೆ ಬಟ್ಟೆ ಕಟ್ಟಿ ಅಪ್ಪ ಓದಿಸುತ್ತಾನೆ. ಅಪ್ಪನಿಗೆ ಗತಿಯಿಲ್ಲದಿದ್ದರೆ ಸೋದರಮಾವ ಓದಿಸುತ್ತಾನೆ. ಓದಿಸಿದವರಿಗೆ ಮಗುವಿನ ಮೇಲೆ ಹಕ್ಕು ಬರುತ್ತದೆ. ಮಕ್ಕಳಿಲ್ಲದ ಹೆಂಗಸು, ಮೊನ್ನೆ ಮೊನ್ನೆ ಬಂದವರು, ಬಾಯಿ ಬಿಟ್ಟು ಕೇಳಿಯೇಬಿಟ್ಟರಲ್ಲ!

"ನಮ್ಮ ಮಗೂನ ಅವರು ಓದಿಸ್ತಾರಂತೆ ಕಣೇ," ಎಂದು ಹೆಂಡತಿಗೆ ಪಿಸುಗುಟ್ಟಿದ.

"ಒಳ್ಳೇದೇ ಆಯ್ತಲ್ಲ. ಓದಿಸ್ಲಿ ಬಿಡಿ, ನಿಮಗೇನು ಕಷ್ಟ?"

ಅವಳ ತಲೆಯಲ್ಲಿದ್ದದ್ದು ಕತೆ ಪುಸ್ತಕ, ಅವನ ತಲೆಯಲ್ಲಿದ್ದದ್ದು ಶಾಲೆ, ಕಾಲೇಜು, ಕೊನೆಗೆ ಮಗಳು ಆ ಮನೆಯವಳೇ ಆಗಿಬಿಡುವುದು. ಪದ ಒಂದೇ ಆದ್ದರಿಂದ ಇಬ್ಬರಿಗೂ ಅದು ತಿಳಿಯಲಿಲ್ಲ. ಹೆತ್ತ ತಾಯಿಯೇ ಕೈ ಬಿಟ್ಟಳಲ್ಲ ಎಂದು ಅವನು ಅನ್ನ ಬಿಟ್ಟು ಎದ್ದ.

ಹೆಂಡತಿಯೇ ಮಗಳನ್ನು ಮೇಲೆ ಕಳಿಸತೊಡಗಿದಳು. ಆಮೇಲೆ ಅವನ ಕಿವಿಯೆಲ್ಲ ಮಹಡಿಯ ಮೇಲೆ. ಸಂಜೆ ಮಗಳು ಓಡಿಕೊಂಡು ಮೆಟ್ಟಿಲು ಹತ್ತುವಳು, ಕಾಲೆಳೆದುಕೊಂಡು ಇಳಿಯುವಳು. ನಮ್ಮ ಮನೆಗೆ ಬರುವಾಗಲೇ ಕಾಲು ಯಾಕೆ ಭಾರ? "ಏನ್ ಕೊಟ್ರು?" ಎಂದರೆ "ಏನೂ ಇಲ್ಲ, ಓದಿಸಿದ್ರು" ಎನ್ನುವಳು. ಅವಳ ಬಾಯಿ ಮೂಸಿ ನೋಡಿದ. ಮಿಠಾಯಿಯ ವಾಸನೆಯೂ ಇಲ್ಲ. ಏನೂ ಕೊಡದೆ ಮರುಳು ಮಾಡುವವರು ಇನ್ನೂ ಅಪಾಯ ಎನಿಸಿತು. ಒಂದು ಸಂಜೆ ಅವಳು ತಾನಾಗಿಯೇ ಹೇಳಿದಳು: "ಅಪ್ಪಾ, ಅಲ್ಲೇ ಇದ್ದುಬಿಡೋಣ ಅನ್ಸುತ್ತೆ."

ಅವನು ಕೈಯಲ್ಲಿದ್ದ ಸುತ್ತಿಗೆಯ ಸಮೇತ ಮೆಟ್ಟಿಲು ಹತ್ತಿದ.

"ನೋಡಿ ಅಮ್ಮಾ, ನನ್ನ ಮಗಳನ್ನ ನಾನೇ ಓದಿಸ್ತೀನಿ. ಯಾರ ಹಂಗೂ ಬೇಡ."

ನರ್ಸಮ್ಮನ ಮುಖ ಅರಳಿತು. "ಅಯ್ಯೋ, ಅದಕ್ಕಿಂತ ಇನ್ನೇನು ಬೇಕು ಬೀಗರೇ! ಆಸ್ಪತ್ರೇಲಿ ಮಕ್ಕಳ ವಾರ್ಡಲ್ಲಿ ನಾನು ದಿನಾ ಕತೆ ಓದ್ತಿದ್ದೆ. ಆದ್ರೂ ಅಪ್ಪ ಪಕ್ಕದಲ್ಲಿ ಕೂತು ಓದಿಸಿದ್ರೆ ಅದರ ಸೊಗಸೇ ಬೇರೆ. ತಗೊಳ್ಳಿ, ನಿನ್ನೆ ಅರ್ಧಕ್ಕೆ ನಿಲ್ಲಿಸಿದ್ವಿ." ಸುತ್ತಿಗೆ ಇಲ್ಲದ ಕೈಯಲ್ಲಿ ಹಡಗಿನ ಪುಸ್ತಕ ಇಟ್ಟರು.

ಕೆಳಗೆ ಬಂದು ಹೇಳಿದಾಗ ಹೆಂಡತಿ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ರೀ, ಅವರು ಅಂದಿದ್ದು ಕತೆ ಓದಿಸ್ತೀನಿ ಅಂತ! ಸಾಕ್ಕೊತೀನಿ ಅಂತಲ್ಲ!" ಅವನು ನಗಲಿಲ್ಲ. ಪುಸ್ತಕವನ್ನು ಬೆನ್ನು ಹಿಡಿದು ಕೊಡವಿ ನೋಡಿದ, ಒಳಗೇನಾದರೂ ಇಟ್ಟಿದ್ದಾರೋ ಎಂದು. ಏನೂ ಬೀಳಲಿಲ್ಲ. ಆದರೆ ಆಡಿದ ಮಾತು ಆಡಿಯಾಗಿತ್ತು, ಓದಿಸಲೇಬೇಕಿತ್ತು.

ಕತೆಯಲ್ಲಿ ಕಪ್ತಾನನ ದುರ್ಬೀನು ಕಳೆದುಹೋಗಿತ್ತು. ಮಗಳು ಎರಡು ಪುಟ ಓದುವುದರೊಳಗೆ ಅವನು ತೀರ್ಪು ಕೊಟ್ಟ: "ಅಡುಗೆಯವನೇ ಕದ್ದಿರೋದು."

"ಯಾಕೆ? ಪಾಪ, ಎಲ್ರಿಗೂ ಟೀ ಕೊಡ್ತಾನೆ!"

"ಕೇಳದೆ ಕೊಡ್ತಾನಲ್ಲ, ಅದಕ್ಕೇ. ಕೇಳದೆ ಕೊಡೋರನ್ನ ನಂಬಬಾರದು."

ಮಗಳಿಗೆ ರೇಗಿತು. ಅಡುಗೆಯವನು ಒಳ್ಳೆಯವನೆಂದು ತೋರಿಸಲು ಇನ್ನೊಂದು ಪುಟ ಓದಿದಳು, ಅವನು ಅದರಲ್ಲೂ ಹುಳುಕು ತೆಗೆದ, ಅವಳು ಮತ್ತೊಂದು ಓದಿದಳು. ಸಂಜೆ ಸಂಜೆ ಅಪ್ಪ ಮಗಳ ಜಗಳ ಬೀದಿಗೆ ಕೇಳುತ್ತಿತ್ತು. ತೊದಲುವುದು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಲಿಲ್ಲ; ಜಗಳವಾಡುವ ಬಾಯಿಗೆ ತೊದಲಲು ಪುರುಸೊತ್ತೆಲ್ಲಿ? ಅವನಿಗೆ ಇಷ್ಟು ಸುಖವಾಗಿ ಯಾರ ಮೇಲೂ ಅನುಮಾನ ಪಟ್ಟ ನೆನಪಿರಲಿಲ್ಲ.

ಒಂದು ಸಂಜೆ ಯಾರದೋ ಬಾಗಿಲು ತೆಗೆದುಕೊಡಲು ಹೋಗಿ ತಡವಾಗಿ ಬಂದ. ಮಗಳು ಪುಸ್ತಕ ಮುಚ್ಚಿ ಎದೆಗವಚಿಕೊಂಡು ಕೂತಿದ್ದಳು. "ಮುಗೀತು," ಎಂದಳು.

"ಯಾರು ಕದ್ದಿದ್ದು? ಅಡುಗೆಯವನೇ ತಾನೇ?"

"ಹೇಳಲ್ಲ. ನೀನೇ ಓದ್ಕೋ."

ಅವನಿಗೆ ಹಳೆಯ ಭಯ ಮರಳಿತು. ತಾನಾಗಿ ಓದಿ ಮುಗಿಸಿದವಳಿಗೆ ಇನ್ನು ಅಪ್ಪ ಯಾಕೆ ಬೇಕು? ಪುಸ್ತಕಗಳಿರುವುದೆಲ್ಲ ಮೇಲಿನ ಬೀರುವಿನಲ್ಲಿ. "ಹಾಗಾದ್ರೆ ಈಗ ಮೇಲೆ ಹೋಗ್ತೀಯಾ?" ಎಂದು ಕೇಳಿದ.

"ನೀನು ಮುಗಿಸಿದ ಮೇಲೆ." ಅವಳು ಅವನ ಪಕ್ಕಕ್ಕೆ ಒತ್ತಿಕೊಂಡು ಕೂತು, ಕೊನೆಯ ಹಾಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕೊನೇ ಪುಟ ಮೊದ್ಲೇ ನೋಡಿಬಿಡ್ತೀಯ. ನಿನ್ನ ನಂಬೋಕಾಗಲ್ಲ."

ಅವನು ಓದತೊಡಗಿದ. ಪುಟದ ತುದಿಗೆ ಬಂದ ಮೇಲೂ ತಿರುಗಿಸಲಿಲ್ಲ.

"ಆಯ್ತಲ್ಲ, ತಿರುಗಿಸು," ಎಂದಳು.

"ಇರು ಪುಟ್ಟಾ, ಈ ಸಾಲು ಅರ್ಥ ಆಗ್ಲಿಲ್ಲ," ಎಂದ. ಅರ್ಥವಾಗದಂಥದ್ದು ಆ ಸಾಲಿನಲ್ಲಿ ಏನೂ ಇರಲಿಲ್ಲ.