ಹಸಿರು ಮುಚ್ಚಳದ ಸೆಂಟು ಮತ್ತು ನನ್ನ ಮೂಗು

ಹೋದ ಭಾನುವಾರ ಕೊಪ್ಪದಿಂದ ಎನ್.ಆರ್. ಪುರಕ್ಕೆ ಹೋಗುವ ಬಸ್ಸಿನಲ್ಲಿ ನಾನು ನನ್ನ ಬಲಗೈಯನ್ನೇ ಮೂಸುತ್ತಾ ಕೂತಿದ್ದೆ. ಕಂಡಕ್ಟರ್ ನೋಡುವಷ್ಟು ನೋಡಿ ಕೇಳಿಯೇಬಿಟ್ಟ.

"ಎಂತಾಯ್ತಮ್ಮ ಕೈಗೆ? ಬಾಗಿಲಿಗೆ ಸಿಕ್ಕಿತಾ?"

"ಇಲ್ಲ ಮಾರಾಯ. ಮೂಗು ಇದೆಯಾ ಹೋಯ್ತಾ ಅಂತ ನೋಡ್ತಿದೀನಿ."

ಪಾಪ, ಆಮೇಲೆ ಅವನು ನನ್ನ ಸೀಟಿನ ಕಡೆ ತಿರುಗಿಯೂ ನೋಡಲಿಲ್ಲ.

ವಿಷಯ ಇಷ್ಟು. ಮದುವೆಯಾದಾಗಿನಿಂದ ನಾನು ಹಚ್ಚುವುದು ಒಂದೇ ಸೆಂಟು. ಹಸಿರು ಮುಚ್ಚಳದ ಪುಟ್ಟ ಬಾಟಲಿ. (ಹೆಸರು ಹೇಳುವುದಿಲ್ಲ. ಕಂಪನಿಯವರು ನೋಟಿಸ್ ಕಳಿಸಿದರೆ ಸಂಪಾದಕರು ನನ್ನನ್ನು ಬಿಡುತ್ತಾರೆಯೇ?) ಶೃಂಗೇರಿಯ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ. ಒಂದು ಬಾಟಲಿ ತಂದರೆ ವರ್ಷಗಟ್ಟಲೆ ಬರುತ್ತದೆ, ಏಕೆಂದರೆ ನನ್ನದು ಜಿಪುಣ ಕೈ.

ಈ ಸಲ ತಂದ ಬಾಟಲಿ ಮೂಸಿದೆ. ಇದು ಅದಲ್ಲ! ಮೊದಲಿನದರಲ್ಲಿ ಹೂವಿನ ಹಿಂದೆ ಏನೋ ತಂಪು, ಏನೋ ಹಸಿ ಇರುತ್ತಿತ್ತು. ಇದರಲ್ಲಿ ಬರೀ ನಿಂಬೆಹಣ್ಣಿನ ಸೋಪು.

"ಅದೇ ಬಾಕ್ಸು, ಅದೇ ಹೆಸರು. ಬೇರೆ ಹೆಂಗಾಗ್ತದೆ ಮಾರಾಯ್ತಿ?" ಅಂದರು ನಮ್ಮವರು. ಮೂಸಿ ನೋಡಿ ಅಂತ ಹಿಡಿದೆ. ಮೂಸಿದರು. "ಅದೇ." (ಬೆಳಗಿನಿಂದ ಸಂಜೆವರೆಗೆ ನಸ್ಯ ಏರಿಸುವ ಮೂಗು ಅದು, ತಮ್ಮ ಗಮನಕ್ಕಿರಲಿ.) ಅಂಗಡಿಯವನಿಗೆ ಫೋನ್ ಮಾಡಿದೆ. "ಅದೇ ಅಮ್ಮ, ನೂರಕ್ಕೆ ನೂರು ಒರಿಜಿನಲ್." ಪಕ್ಕದ ಮನೆಯಾಕೆ ಬಾಟಲಿ ಮೂಸಿ ನಮ್ಮವರ ಮುಖ ನೋಡಿ ಹೇಳಿದಳು, "ಅದೇ ಅನ್ನಿಸ್ತದಪ್ಪ."

"ನಿಂಗೆ ಹೋದ ವರ್ಷ ಆ ಜ್ವರ ಬಂದ ಮೇಲೆ ಮೂಗು ಸರಿ ಇಲ್ಲ" ಅಂತ ನಮ್ಮವರು ತೀರ್ಪು ಕೊಟ್ಟರು.

ನಗಬೇಕಿತ್ತು. ನಗು ಬರಲಿಲ್ಲ.

ನಮ್ಮಮ್ಮನಿಗೂ ಮೊದಲು ಹೋದದ್ದು ಮೂಗೇ. ಒಲೆಯ ಮೇಲೆ ಹಾಲು ಸೀದು ಕರಕಲಾಗುತ್ತಿದ್ದರೆ ಪಕ್ಕದಲ್ಲೇ ಕೂತು ನಿಶ್ಚಿಂತೆಯಿಂದ ಹೂ ಕಟ್ಟುತ್ತಿದ್ದಳು. ನಾವು ತಮಾಷೆ ಮಾಡಿದೆವು. ಆಮೇಲೆ ಒಂದೊಂದೇ ಹೆಸರು ಮರೆತಳು. ಕೊನೆಗೆ ನನ್ನನ್ನು ಕಂಡರೆ "ಬನ್ನಿ, ಕೂತ್ಕೊಳ್ಳಿ" ಅನ್ನುತ್ತಿದ್ದಳು. ಹೆತ್ತ ಮಗಳಿಗೆ ಬಹುವಚನ. ಹಾಗಾಗಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೆದರಿಕೆ ಆಗಿತ್ತು, ಅದರಲ್ಲಿ ಮುಚ್ಚುಮರೆ ಎಂತದು?

ಬದಲಾದದ್ದು ಸೆಂಟೋ, ನಾನೋ? ತಿಳಿಯಬೇಕಾದರೆ ಹಳೇ ಬಾಟಲಿ ಬೇಕು. ನನ್ನದು ಖಾಲಿಯಾಗಿ, ತೊಳೆದು, ಮನಿಪ್ಲಾಂಟಿನ ಮನೆಯಾಗಿತ್ತು. ಆಗ ನೆನಪಾದವಳು ಎನ್.ಆರ್. ಪುರದ ವನಮಾಲಾ. ನನ್ನ ಕಾಲೇಜು ಗೆಳತಿ. ಅವಳ ಮದುವೆಗೆ ನಾನು ಕೊಟ್ಟದ್ದು ಅದೇ ಹಸಿರು ಮುಚ್ಚಳದ ಸೆಂಟು! ಬಲಗೈಗೆ ಹೊಸದನ್ನು ಹಚ್ಚಿಕೊಂಡು, ಬಾಟಲಿಯನ್ನೂ ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ.

ವನಮಾಲಾ ಬೀರುವಿನಲ್ಲಿ ರೇಷ್ಮೆ ಸೀರೆಗಳ ಹಿಂದೆ ಕೈಹಾಕಿ ಬಾಟಲಿ ತೆಗೆದಳು. ಸೀಲ್ ಕೂಡ ಒಡೆದಿರಲಿಲ್ಲ.

"ಇದೆಂತದೇ? ಹಚ್ಚೇ ಇಲ್ವಾ?"

"ಒಳ್ಳೇ ದಿನಕ್ಕೆ ಅಂತ ಇಟ್ಟಿದ್ದು ಕಣೇ."

"ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದೂ ಒಳ್ಳೇ ದಿನ ಬರ್ಲಿಲ್ವಾ?"

"ಬಂತು. ಇದಕ್ಕಿಂತ ಒಳ್ಳೇದು ಬರ್ಬಹುದು ಅಂತ ಬಿಟ್ಟೆ."

ನಮ್ಮ ಕಡೆಯ ಹೆಂಗಸರೇ ಹೀಗೆ. ಒಳ್ಳೇ ಲೋಟ ನೆಂಟರಿಗೆ, ಒಳ್ಳೇ ಬೆಡ್‌ಶೀಟ್ ಬೀರುವಿಗೆ. ಸೀಲ್ ಒಡೆಯಲು ಅವಳಿಗೆ ಮನಸ್ಸಿರಲಿಲ್ಲ, ಬಾಟಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಅಮ್ಮನ ವಿಷಯ ಹೇಳಿದೆ.

"ಥೂ, ಇದನ್ನ ಮೊದ್ಲೇ ಬೊಗಳ್ಬಾರದಾ?" ಅಂದವಳೇ ಮುಚ್ಚಳ ತಿರುವಿದಳು.

ಬಲಗೈಗೆ ಮತ್ತೆ ಹೊಸದು, ಎಡಗೈಗೆ ಹಳೆಯದು. ಎಡಗೈ ಮೂಸಿದೆ. ಅಯ್ಯೋ ದೇವರೇ! ನೇಲ್ ಪಾಲಿಷ್ ವಾಸನೆ! ಹೊಸದೂ ಸರಿಯಿಲ್ಲ, ಹಳೆಯದೂ ಸರಿಯಿಲ್ಲ ಅಂದರೆ ಕೆಟ್ಟಿರುವುದು ಯಾವುದು?

"ತಡಿಯೇ, ಇಷ್ಟು ವರ್ಷ ಉಸಿರುಕಟ್ಟಿ ಕೂತಿದೆ ಅದು. ಸ್ವಲ್ಪ ಗಾಳಿ ಆಡ್ಲಿ" ಅಂತ ವನಮಾಲಾ ಅವಲಕ್ಕಿ ಕಲಸಲು ಹೋದಳು.

ಅವಲಕ್ಕಿ ಅರ್ಧ ಖಾಲಿಯಾಗುವಾಗ ಎಡಗೈ ತಾನಾಗಿಯೇ ಮೂಗಿನ ಹತ್ತಿರ ಬಂತು. ಬಂದಿತ್ತು! ಆ ಹೂವು, ಅದರ ಹಿಂದಿನ ಆ ತಂಪು, ಆ ಹಸಿ. ಬಲಗೈಯಲ್ಲಿ ನಿಂಬೆ ಸೋಪೂ ಹಾರಿಹೋಗಿ ಬರೀ ಕೈ ಉಳಿದಿತ್ತು. ವನಮಾಲಾ ಬಿಡುವವಳೇ? ಎರಡು ಕರ್ಚೀಫಿಗೆ ಒಂದೊಂದು ಹನಿ ಹಾಕಿ, ಟವೆಲಿನಿಂದ ನನ್ನ ಕಣ್ಣು ಕಟ್ಟಿ, ಅದಲು ಬದಲು ಮಾಡಿ ಹಿಡಿದಳು. ಒಂದು ಸಲವೂ ತಪ್ಪಲಿಲ್ಲ. ಟವೆಲ್ ಬಿಚ್ಚಿದಾಗ ಒದ್ದೆಯಾಗಿತ್ತು. ಅವಳು ಇನ್ನಷ್ಟು ಅವಲಕ್ಕಿ ಬಡಿಸಿದಳು.

ಮರುದಿನ ಕೊಪ್ಪದ ಸೈಬರ್ ಸೆಂಟರಿಗೆ ಹೋದೆ. ಅಲ್ಲಿನ ಹುಡುಗಿ ಟೈಪ್ ಮಾಡಿ ಓದಿ ಹೇಳಿದಳು. ಸೆಂಟಿನವರು ಆಗಾಗ ಒಳಗಿನ ಪಾಕ ಬದಲಾಯಿಸುತ್ತಾರಂತೆ, ಹೆಸರು ಮಾತ್ರ ಹಾಗೇ ಬಿಡುತ್ತಾರಂತೆ. ಮರದ ಮೇಲೆ ಬೆಳೆಯುವ ಒಂದು ಪಾಚಿಯ ರಸ ಹಾಕುತ್ತಿದ್ದರಂತೆ, ಕೆಲವರಿಗೆ ಅದರಿಂದ ಮೈ ತುರಿಕೆ ಅಂತ ಈಗ ಕಡಿಮೆ ಮಾಡಿದ್ದಾರಂತೆ. ಪಾಚಿ! ನಮ್ಮ ಕಾಂಪೌಂಡಿನ ಮೇಲೆ ಪುಕ್ಕಟೆ ಬೆಳೆಯುವುದನ್ನು ನಾನು ದುಡ್ಡು ಕೊಟ್ಟು ಕುತ್ತಿಗೆಗೆ ಹಚ್ಚಿಕೊಂಡಿದ್ದೆ!

ಮನೆಗೆ ಬಂದು ನಮ್ಮವರಿಗೆ ಎಲ್ಲ ಹೇಳಿದೆ. ವಾಸನೆ ಹಾರದಂತೆ ವನಮಾಲಾ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಟ್ಟಿದ್ದ ಆ ಎರಡು ಕರ್ಚೀಫನ್ನೂ ಮುಂದೆ ಹಿಡಿದೆ. ಕಣ್ಣು ಮುಚ್ಚಿ, ದೀರ್ಘವಾಗಿ ಮೂಸಿದರು.

"ಎರಡೂ ಒಂದೇ. ಯಾವುದಕ್ಕೂ ಶಿವಮೊಗ್ಗದಲ್ಲಿ ನಿನ್ನ ಮೂಗು ಒಂದ್ಸಲ ತೋರ್ಸಣ."

"ತೋರ್ಸಣ. ಚೀಟಿ ನಿಮ್ಮ ಹೆಸರಲ್ಲಿ ಮಾಡ್ಸಿ" ಅಂದೆ.

ಅಲ್ಲ, ಬಾಟಲಿಯ ಮೇಲೆ ಅನುಮಾನ ಬರುವ ಮೊದಲೇ ಹೆಂಡತಿಯ ಮೂಗಿನ ಮೇಲೆ ಅನುಮಾನ ಬರುತ್ತದಲ್ಲ, ಅದನ್ನು ಯಾವ ಡಾಕ್ಟರಿಗೆ ತೋರಿಸುವುದು?