ಎರಡು ಬ್ಯಾಟರಿಯ ಕ್ಯಾಮೆರಾ ನಿಂತುಹೋದ ಮದುವೆ

ಆ ದಿನ ಮದುವೆಯ ವೇದಿಕೆಯ ಮುಂದೆ ಮದುಮಗಳ ಚಿಕ್ಕಪ್ಪ ಶರಣಪ್ಪನವರಿಗೆ ನಾನು ಎದುರು ಮಾತಾಡಿದೆನೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ಮಾತಾಡಿದೆ ಎಂದು ಹಲವರ ಮುಂದೆ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ಅದೇ ನೆನಪಾಗಿ ಕೂತಿರಬಹುದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುವಾಗ ಒಂದೇ ಅಳತೆಯನ್ನು ಮತ್ತೆ ಮತ್ತೆ ತೆಗೆದು ನೋಡುವ ಅಭ್ಯಾಸ ಹತ್ತಿತ್ತು. ನೆನಪನ್ನು ಹಾಗೆ ಅಳೆಯಲು ಬರುವುದಿಲ್ಲ. ಆದ್ದರಿಂದ ಅನುಮಾನವಿದ್ದಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ನಾನು ಅಫಜಲಪುರದಲ್ಲಿ ಸ್ಟುಡಿಯೋ ಇಟ್ಟುಕೊಂಡು ಆಳಂದ, ಜೇವರ್ಗಿ ಕಡೆಯ ಮದುವೆಗಳಿಗೂ ಹೋಗುವ ಫೋಟೋಗ್ರಾಫರ್. ಕೋವಿಡ್ ನಿರ್ಬಂಧ ಮುಗಿದ ನಂತರದ ಬೇಸಿಗೆಯಲ್ಲಿ ಹಳೆಯ ಕ್ಯಾಮೆರಾ ಬಿಟ್ಟು ಮಿರರ್‌ಲೆಸ್ ಕ್ಯಾಮೆರಾ ತೆಗೆದುಕೊಂಡಿದ್ದೆ. ಚಿತ್ರ ಚೆನ್ನಾಗಿ ಬರುತ್ತಿತ್ತು, ಆದರೆ ಒಳಗಿನ ಪರದೆ ಸದಾ ಉರಿಯುವುದರಿಂದ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. ಬ್ಯಾಟರಿ ಗ್ರಿಪ್ ಕೊಳ್ಳಬೇಕೇ ಎಂಬ ಯೋಚನೆ ಹುಟ್ಟಿದ್ದು ಆಗ. ಗ್ರಿಪ್ ಎಂದರೆ ಕ್ಯಾಮೆರಾದ ತಳಕ್ಕೆ ತಿರುಪು ಹಾಕಿ ಕೂಡಿಸುವ ಒಂದು ಡಬ್ಬಿ. ಅದರಲ್ಲಿ ಎರಡು ಬ್ಯಾಟರಿ ಹಿಡಿಯುತ್ತವೆ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು ತೆಗೆಯಲು ಬೇರೆ ಬಟನ್ ಇರುತ್ತದೆ. ಜೇವರ್ಗಿಯ ಗೆಳೆಯರೊಬ್ಬರು ಬೇರೆ ಕಂಪನಿಯ ಅಗ್ಗದ ಗ್ರಿಪ್ಪೊಂದನ್ನು ಕೊಟ್ಟು, "ಒಂದ್ ಲಗ್ನಾ ಹೊಡದ್ ನೋಡ್ರಿ, ಆಮ್ಯಾಲ ಹೇಳ್ರಿ" ಎಂದರು.

ಆ ಒಂದು ಲಗ್ನ ಅಫಜಲಪುರದ ಕಲ್ಯಾಣ ಮಂಟಪದಲ್ಲಿತ್ತು. ಮದುಮಗಳು ಸುಜಾತಾ, ಆಳಂದದಲ್ಲಿ ನರ್ಸ್. ತಂದೆ ತೀರಿಕೊಂಡಿದ್ದರಿಂದ ಎಲ್ಲದರ ಯಜಮಾನಿಕೆ ಕಾಕಾ ಶರಣಪ್ಪನವರದು. ಅವರು ಬೆಳಿಗ್ಗೆಯೇ ನನ್ನ ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿ ಹಿಗ್ಗಿದರು.

"ಈಗ ನೋಡ್ರಿ, ಕ್ಯಾಮೆರಾ ಅಂದ್ರ ಹಿಂಗಿರಬೇಕು! ಹ್ವಾದ ಸಲ ನಮ್ಮ ಬೀಗರ ಮನ್ಯಾಗ ಒಬ್ಬಾಂವ ಬಂದಿದ್ದ, ಅಂವನ ಕ್ಯಾಮೆರಾ ಸಾಬೂನ ಡಬ್ಬಿ ಹಂಗಿತ್ತು."

ಚಿತ್ರ ಹೇಗೆ ಬರುತ್ತದೆ ಎಂದು ಅವರು ಕೇಳಲಿಲ್ಲ, ಯಾರೂ ಕೇಳುವುದಿಲ್ಲ. ಈ ಮೂರು ತಾಲ್ಲೂಕಿನಲ್ಲಿ ಬ್ಯಾಟರಿಯನ್ನೇ ಹಾಕದೆ ಬರೀ ಗ್ರಿಪ್ ಸಿಕ್ಕಿಸಿಕೊಂಡು ತಿರುಗುವ ಫೋಟೋಗ್ರಾಫರುಗಳನ್ನು ನಾನು ಕಂಡಿದ್ದೇನೆ. ಅವರಿಗೆ ಬೇಕಾದದ್ದು ಗಾತ್ರ ಮಾತ್ರ. ನನಗೆ ಆಗಲೇ ಸ್ವಲ್ಪ ಹೇಸಿಗೆಯಾಗಿತ್ತು. ಆದರೂ ಎರಡು ಬ್ಯಾಟರಿ ಇವೆ, ನಡುವೆ ನಿಲ್ಲುವುದಿಲ್ಲ ಎಂದು ಅವರಿಗೆ ವಿವರಿಸಿದೆ.

ಅಕ್ಷತೆ ಮುಗಿದು ಆಹೇರಿ ಶುರುವಾಯಿತು. ಬಂಧುಗಳು ಒಬ್ಬೊಬ್ಬರೇ ವೇದಿಕೆ ಹತ್ತಿ ವಧೂವರರಿಗೆ ಬಟ್ಟೆ ಉಡುಗೊರೆ ಕೊಡುತ್ತಾರೆ, ಪ್ರತಿಯೊಬ್ಬರದೂ ಫೋಟೋ ಆಗಬೇಕು. ಆಗದಿದ್ದರೆ ಆ ಸಿಟ್ಟು ಮುಂದಿನ ಮದುವೆಯ ತನಕ ಉಳಿಯುತ್ತದೆ. ಇದರ ಬೆನ್ನಿಗೇ ನಮ್ಮ ಕಸುಬಿನ ಒಂದು ಕೆಟ್ಟ ಚಾಳಿ ಬೆಳೆದಿದೆ, ಖಾಲಿ ಫ್ಲ್ಯಾಷ್. ಮನೆಯವರಿಗೆ ಬೇಡವಾದವರು ವೇದಿಕೆ ಹತ್ತಿದರೆ ಯಜಮಾನ ಕಣ್ಸನ್ನೆ ಮಾಡುತ್ತಾನೆ. ನಾವು ಚಿತ್ರ ತೆಗೆಯದೆ ಫ್ಲ್ಯಾಷ್‌ನ ಬಟನ್ ಮಾತ್ರ ಒತ್ತುತ್ತೇವೆ. ಬೆಳಕು ಬಿತ್ತಲ್ಲ ಎಂದು ಅವರು ನಕ್ಕು ಇಳಿಯುತ್ತಾರೆ. ಹಿಂದೆ ರೀಲು ಉಳಿಸಲು ಹೀಗೆ ಮಾಡುತ್ತಿದ್ದರು. ರೀಲು ಹೋದರೂ ಚಾಳಿ ಹೋಗಲಿಲ್ಲ. ಅದಕ್ಕಿಂತ ಸುಲಭದ ಸುಳ್ಳು, ಬ್ಯಾಟರಿ ಮುಗಿದಿದೆ ಎನ್ನುವುದು.

ಶರಣಪ್ಪನವರು ನನ್ನನ್ನು ಕಂಬದ ಮರೆಗೆ ಕರೆದರು. "ಸರ್, ನಮ್ಮ ವೈನಿ ಮ್ಯಾಲ ಬಂದ್ರ ಬ್ಯಾಟರಿ ಹೋತು ಅಂದುಬಿಡ್ರಿ."

ವೈನಿ ಎಂದರೆ ಅವರ ಅಣ್ಣನ ಹೆಂಡತಿ, ಮದುಮಗಳ ತಾಯಿ.

"ಹಡದ ತಾಯಿ ಅದಾರಲ್ರಿ ಅವರು" ಎಂದೆ.

"ತಾಯಿ ಖರೆ, ಗಂಡ ಇಲ್ಲದಾಕಿ. ಬೀಗ್ರು ಎದುರಿಗೇ ಕುಂತಾರ. ಆಕೀಗಿ ಬ್ಯಾಡ ಅಂತ ಹೇಳೀನಿ, ಆದ್ರ ಈ ಹುಡುಗಿ ಹಟ ಹಿಡದಾಳ."

"ಎರಡು ಬ್ಯಾಟರಿ ಅದಾವಂತ ಮುಂಜಾನೀನೇ ಹೇಳೀನಲ್ರಿ."

"ಹಂಗಾದ್ರ ಖಾಲಿ ಫ್ಲ್ಯಾಷ್ ಹೊಡೀರಿ. ನಿಮಗೇನ್ ಹೊಸಾದೇನ್ರಿ ಇದು?"

ಅವರು ನಗುತ್ತ ನನ್ನ ಭುಜ ತಟ್ಟಿದರು. ಆ ಕೈಯ ಭಾರ ನನಗೆ ಇವತ್ತೂ ಅಸಹ್ಯ. ನಾನು ಏನು ಉತ್ತರ ಕೊಟ್ಟೆನೆಂಬುದು ನೆನಪಿಲ್ಲ. ಏನೂ ಕೊಡಲಿಲ್ಲವೆಂದೇ ತೋರುತ್ತದೆ.

ತಾಯಿ ಮಹಾದೇವಿಯವರು ಅಡುಗೆ ಕಡೆಯ ಬಾಗಿಲಲ್ಲಿ ನಿಂತಿದ್ದರು. ಸುಜಾತಾ ವೇದಿಕೆಯಿಂದಲೇ ಕೂಗಿದಳು, "ಅವ್ವಾ, ಬಾ ಬೇ ಮ್ಯಾಲ!" ಅವರು ಬೇಡವೆಂದು ಕೈಯಾಡಿಸಿದರು. ಮಗಳು ತಾನೇ ಇಳಿದು ಹೋಗಿ, ಬಾಸಿಂಗ ಕಟ್ಟಿಕೊಂಡೇ ಜನರನ್ನು ಸರಿಸುತ್ತ, ಕೈ ಹಿಡಿದು ಕರೆತಂದು ಪಕ್ಕದಲ್ಲಿ ನಿಲ್ಲಿಸಿಕೊಂಡಳು.

"ಬ್ಯಾಟರಿ ಮುಗದದವ್ವಾ, ಆಮ್ಯಾಲ ತಗೊಳ್ಳೂಣು" ಎಂದು ಶರಣಪ್ಪನವರು ಎಲ್ಲರಿಗೂ ಕೇಳುವಂತೆ ಹೇಳಿದರು.

"ಇಲ್ರಿ, ಅದ" ಎಂದು ನಾನು ಜೋರಾಗಿ ಹೇಳಿದೆ. ನನ್ನ ನೆನಪು ಹಾಗೆ ಹೇಳುತ್ತದೆ. ಹೇಳಿ ಕ್ಯಾಮೆರಾ ಎತ್ತಿ ಬಟನ್ ಒತ್ತಿದೆ. ಪರದೆ ಕಪ್ಪಾಯಿತು. ಮತ್ತೆ ಒತ್ತಿದೆ, ಆಫ್ ಮಾಡಿ ಆನ್ ಮಾಡಿದೆ. ಕ್ಯಾಮೆರಾ ಸತ್ತಂತೆ ಇತ್ತು.

"ನಾ ಹೇಳ್ಲಿಲ್ಲೇನು?" ಎಂದರು ಶರಣಪ್ಪ.

ಹಿಂದಿನಿಂದ ಯಾರೋ, "ಏನ್ರಿ ಫೋಟೋದವ್ರೇ, ಕ್ಯಾಮೆರಾ ಆನಿಯಂಗ, ಜೀವ ಇರುವಿಯಂಗ!" ಎಂದು ಕೂಗಿ ಜನರನ್ನು ನಗಿಸಿದರು. ಸುಜಾತಾ ನಗಲಿಲ್ಲ. ನನ್ನನ್ನೇ ನೋಡಿ ಕೇಳಿದಳು, "ನೀವೂ ಕಾಕಾನ ಕಡೇವ್ರೇ ಏನ್ರಿ?"

ಅಲ್ಲ ಎಂದು ಹೇಗೆ ಸಾಬೀತು ಮಾಡುವುದು? ತಾಯಿ ಆಗಲೇ ಮೆಟ್ಟಿಲ ಕಡೆ ತಿರುಗಿದ್ದರು. ವಿಡಿಯೋ ತೆಗೆಯುತ್ತಿದ್ದ ಆಳಂದದ ಮೌಲಾ ನನಗಿಂತ ಬೇಗ ಯೋಚಿಸಿದ. "ಸರ್, ಆ ಡಬ್ಬಿ ಕಿತ್ತ್ ಒಗೀರಿ ಪೈಲೆ!"

ಗ್ರಿಪ್‌ನ ನಿಜವಾದ ದೋಷ ನನಗೆ ತಿಳಿದದ್ದು ಆಗ. ಬ್ಯಾಟರಿ ಎರಡಿದ್ದರೂ ಕರೆಂಟು ಕ್ಯಾಮೆರಾಕ್ಕೆ ಬರುವ ದಾರಿ ಒಂದೇ. ಆ ಜೋಡಣೆ ಸಡಿಲವಾದರೆ ತುಂಬಿದ ಎರಡು ಬ್ಯಾಟರಿಯೂ ದಂಡ. ಮೇಲಾಗಿ, ಗ್ರಿಪ್ ಕೂಡಿಸಲು ಕ್ಯಾಮೆರಾದ ಸ್ವಂತ ಬ್ಯಾಟರಿ ಮುಚ್ಚಳವನ್ನೇ ಕಳಚಬೇಕು. ಜನರ ಮುಂದೆ ಮೊಣಕಾಲೂರಿ ಕುಳಿತು ತಿರುಪು ಬಿಚ್ಚಿದೆ, ಒಂದು ಬ್ಯಾಟರಿ ತೆಗೆದು ಕ್ಯಾಮೆರಾದೊಳಗೆ ತುರುಕಿದೆ, ಮುಚ್ಚಳ ಹುಡುಕಿ ಸಿಕ್ಕಿಸಿದೆ. ಅಷ್ಟು ಹೊತ್ತೂ ಸುಜಾತಾ ತಾಯಿಯ ಕೈ ಬಿಡಲಿಲ್ಲ. ಆಹೇರಿ ಹಿಡಿದು ನುಗ್ಗುತ್ತಿದ್ದವರಿಗೆ, "ಇದೊಂದ್ ಆಗೂತನಕ ಯಾರೂ ಹತ್ತಬ್ಯಾಡ್ರಿ, ಕಾಕಾ ನೀನೂ ಕೆಳಗಿಳಿ" ಎಂದಳು. ಬೀಗರ ಕಡೆಯ ಮುದುಕಿಯೊಬ್ಬರು, "ತಗೀರಿ ಅತ್ಲಾಗ, ಊಟಕ್ಕ ಹೊತ್ತಾಗಾಕತ್ತದ" ಎಂದರು. ಶರಣಪ್ಪನವರು ಯಾರಿಗಾಗಿ ಹೆದರಿದ್ದರೋ ಆ ಬೀಗರಿಗೆ ಇದ್ದ ಆಕ್ಷೇಪಣೆ ಅಷ್ಟೇ.

ಚಿತ್ರ ತೆಗೆದೆ.

ಮರುದಿನ ಅದೇ ಗ್ರಿಪ್ಪನ್ನು ಸ್ಟುಡಿಯೋದಲ್ಲಿ ಕೂಡಿಸಿ ನೋಡಿದರೆ ಸರಿಯಾಗಿ ಕೆಲಸ ಮಾಡಿತು. ಅಂದಿನಿಂದ ನನಗೆ ಈ ಕಾಟ. ತಿರುಪು ತಾನಾಗಿ ಸಡಿಲಾಗಿತ್ತೇ? ಅಥವಾ ಕಾಕಾನ ಮಾತು ಕೇಳಿದ ನನ್ನದೇ ಬೆರಳು ಅದನ್ನು ತಿರುಗಿಸಿತ್ತೇ? ಮೌಲಾನ ವಿಡಿಯೋ ನೋಡಿದೆ. ಅದರಲ್ಲಿ ಕಾಣುವುದು ನನ್ನ ಬೆನ್ನು. ಬ್ಯಾಂಡಿನ ಗದ್ದಲದಲ್ಲಿ ಶರಣಪ್ಪನವರ ಮಾತು ಕೇಳುತ್ತದೆ, "ಇಲ್ರಿ, ಅದ" ಎಂಬುದು ಕೇಳುವುದಿಲ್ಲ.

ಗ್ರಿಪ್ ಹಿಂದಿರುಗಿಸಿದೆ. ದಿನವಿಡೀ ಉದ್ದ ಚಿತ್ರಗಳನ್ನೇ ತೆಗೆಯುವವರಿಗೆ, ಕೈ ದೊಡ್ಡದಿರುವವರಿಗೆ, ಕ್ಯಾಮೆರಾದ ಕಂಪನಿಯೇ ಮಾಡಿದ್ದಾದರೆ ಅದು ಉಪಯುಕ್ತ. ನಮ್ಮ ಮದುವೆಗಳಿಗೆ ಅಂಗಿಯ ಜೇಬಿನಲ್ಲಿ ಬಿಡಿ ಬ್ಯಾಟರಿ ಸಾಕು. ಕಸುಬು ನನಗೆ ಕಲಿಸಿದ್ದು ಇನ್ನೊಂದಿದೆ: ಬ್ಯಾಟರಿ ಮುಗಿಯಿತು ಎಂಬ ಸುಳ್ಳನ್ನು ನಾವೇ ಹೇಳಿ ಹೇಳಿ ಸವೆಸಿದ್ದೇವೆ, ಕ್ಯಾಮೆರಾ ನಿಜವಾಗಿಯೂ ನಿಂತ ದಿನ ನಮ್ಮನ್ನು ನಂಬಲು ಯಾರಿಗೂ ಕಾರಣವಿರಲಿಲ್ಲ. ಖಾಲಿ ಫ್ಲ್ಯಾಷ್ ಹೊಡೆಯುವುದಿಲ್ಲವೆಂದು ಈಗ ಕೆಲಸ ಒಪ್ಪಿಕೊಳ್ಳುವ ಮಾತುಕತೆಯಲ್ಲೇ ಹೇಳಿಬಿಡುತ್ತೇನೆ. ಕೆಲವು ಮದುವೆಗಳು ಅದರಿಂದಲೇ ಕೈತಪ್ಪಿವೆ.

ಆಲ್ಬಮ್ ಮಾಡುವಾಗ ಆ ಚಿತ್ರ ಬಿಡಬೇಕೆಂದು ಶರಣಪ್ಪನವರು ಫೋನ್ ಮಾಡಿದ್ದರು. ನಾನು ಖಡಾಖಂಡಿತ ನಿರಾಕರಿಸಿದೆ ಎಂದು ನೆನಪು, ಆದರೆ ಈ ನೆನಪನ್ನೂ ನಾನು ನಂಬುವುದಿಲ್ಲ. ಹೀಗಾಗಿ ಇದನ್ನು ಬರೆಯುವ ಮುಂಚೆ ಆಳಂದಕ್ಕೆ ಹೋಗಿ ಸುಜಾತಾಳ ಮನೆಯಲ್ಲಿ ಆಲ್ಬಮ್ ತೆರೆಸಿ ನೋಡಿದೆ. ಆ ಚಿತ್ರ ಇದೆ. ಎರಡು ಪುಟ ತುಂಬ ಅದೊಂದೇ ಇದೆ, ತಾಯಿ ಮಗಳ ಪಕ್ಕದಲ್ಲಿ ನಿಂತಿದ್ದಾರೆ.