ಹಾಯುವ ಹೋರಿಯ ಕರು, ಒಂದು ಕೊಡ ನೀರು

ನಾನು ಚಿಕ್ಕವನಿದ್ದಾಗ ನನ್ನ ಸಿಟ್ಟು ಸಾಲಗುಂದದ ನಮ್ಮ ಓಣಿಗೆಲ್ಲ ಹೆಸರುವಾಸಿಯಾಗಿತ್ತು. ಆಟದಲ್ಲಿ ಸೋತರೆ ಗೋಲಿಗಳನ್ನೇ ಬಾವಿಗೆ ಎಸೆಯುತ್ತಿದ್ದೆ. ರೊಟ್ಟಿ ತಣ್ಣಗಾಗಿದ್ದರೆ ತಟ್ಟೆಯನ್ನೇ ತಳ್ಳುತ್ತಿದ್ದೆ. ಅಪ್ಪನೂ ಹಾಗೆಯೇ, ಅಪ್ಪನ ಅಪ್ಪನೂ ಹಾಗೆಯೇ ಇದ್ದರಂತೆ. ಎಲ್ಲರಿಗೂ ಮೂಗಿನ ತುದಿಯಲ್ಲೇ ಸಿಟ್ಟು. ಯಾರಾದರೂ ನನ್ನ ಮೇಲೆ ದೂರು ತಂದರೆ ಅವ್ವ, "ಏನ್ ಮಾಡೂದ್ರೀ, ಇವರ ರಕ್ತಾನ ಬಿಸಿ" ಎನ್ನುತ್ತಿದ್ದಳು. ನನಗೂ ಅದು ಒಳ್ಳೆಯ ನೆಪವಾಗಿತ್ತು.

ನಮ್ಮ ಕೊಟ್ಟಿಗೆಯಲ್ಲಿ ನನ್ನಂಥವನೇ ಇನ್ನೊಬ್ಬನಿದ್ದ. ಕಂಡಕಂಡವರನ್ನು ಹಾಯುತ್ತಿದ್ದ ಹೋರಿಗೆ ಹುಟ್ಟಿದ ಕರು ಅದು. ಬಿಳಿ ಮೈ, ಕಪ್ಪು ಮೂತಿ. ಯಾರು ಹತ್ತಿರ ಹೋದರೂ ತಲೆ ತಗ್ಗಿಸಿ ಬುಸುಗುಡುತ್ತಿತ್ತು. ದೊಡ್ಡದಾದ ಮೇಲೆ ನೊಗಕ್ಕೆ ಬಗ್ಗದಿದ್ದರೆ ಮಾರಿಬಿಡುವುದೆಂದು ಅಪ್ಪ ಹೇಳಿದ್ದರು. ನನಗೋ ಅದೆಂದರೆ ಪ್ರಾಣ.

ಅದನ್ನು ಪಳಗಿಸುವ ದಾರಿ ತೋರಿಸಿದವಳು ಅಕ್ಕ. ನಾನು ಹುಟ್ಟಿದಾಗ ಅವಳನ್ನು ಲಿಂಗಸುಗೂರಿನ ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು, ಅಲ್ಲೇ ಬೆಳೆದಳು. ಅವಳದೂ ನಮ್ಮದೇ ರಕ್ತ. ನಮ್ಮಲ್ಲಿಗೆ ಬಂದಾಗ ನೋಡುತ್ತಿದ್ದೆ, ಸಿಟ್ಟು ಬಂದರೆ ಅಪ್ಪನ ಹಾಗೆ ಕಿವಿ ಕೆಂಪಾಗುತ್ತಿತ್ತು. ಆದರೆ ಒಂದು ಮಾತೂ ಆಡದೆ ಕೊಡ ಎತ್ತಿಕೊಂಡು ಬೋರಿಂಗಿಗೆ ನಡೆಯುತ್ತಿದ್ದಳು. ಕಬ್ಬಿಣದ ಹಿಡಿಕೆಯನ್ನು ಧಡಧಡ ಒತ್ತಿ, ಕೊಡ ತುಂಬಿಸಿ ತರುವಷ್ಟರಲ್ಲಿ ಮುಖ ತಿಳಿಯಾಗಿರುತ್ತಿತ್ತು. ಅದು ಅಜ್ಜಿಯ ಮನೆಯ ಕಟ್ಟಳೆ. ಅಲ್ಲಿ ಸಿಟ್ಟು ಬಂದವರು ಮೊದಲು ಒಂದು ಕೊಡ ನೀರು ತರಬೇಕು, ಆಮೇಲೆ ಬಾಯಿ ತೆಗೆಯಬೇಕು.

"ಸಿಟ್ಟಿನ ಕೈ ದನಕ್ಕ ಗೊತ್ತಾಕ್ಕೈತಿ ಲೇ. ಮೊದಲ ನೀರು ತಾ, ಆಮ್ಯಾಲ ಅದರ ಹತ್ರ ಹೋಗು," ಎಂದಳು ರಜೆಗೆ ಬಂದಿದ್ದ ಅಕ್ಕ.

ಎರಡು ವರ್ಷ ಹಾಗೆಯೇ ಮಾಡಿದೆ. ಎಷ್ಟು ಕೊಡ ಹೊತ್ತೆನೋ, ಅಂಗೈಯಲ್ಲಿ ಗುಳ್ಳೆ ಎದ್ದು ಗಟ್ಟಿಯಾದವು. ನೀರು ಕುಡಿಸಿ, ಹಿಂಡಿ ತಿನ್ನಿಸಿ, ಕತ್ತಿನ ಕೆಳಗೆ ಜೋತಾಡುವ ಮೆತ್ತನೆಯ ತೊಗಲನ್ನು ತುರಿಸುತ್ತಿದ್ದೆ. ಕರು ಕಣ್ಣು ಮುಚ್ಚಿ, ಒರಟು ನಾಲಿಗೆಯಿಂದ ನನ್ನ ಮೊಣಕೈ ನೆಕ್ಕುತ್ತಿತ್ತು. ಆದರೆ ಅದು ನನ್ನೊಬ್ಬನ ಹತ್ತಿರ ಮಾತ್ರ ಸಾಧು.

ನೊಗ ಕಟ್ಟುವ ದಿನ ಬಂತು. ಮಸ್ಕಿಯ ದನದ ವ್ಯಾಪಾರಿ ಹಗ್ಗ ಹಿಡಿದೇ ಬಂದು ನಮ್ಮ ಬೇವಿನ ಕೆಳಗೆ ಕುಳಿತಿದ್ದ. ಅಪ್ಪ ಕರುವನ್ನು ಮುದಿ ಎತ್ತಿನ ಜೋಡಿ ಕಟ್ಟಿ, ಹಿಂದೆ ಒಂದು ಮರದ ದಿಮ್ಮಿ ಬಿಗಿದರು. ಅದನ್ನು ಕಾಲುವೆಯವರೆಗೆ ಎಳೆದು ಬಂದರೆ ಗೆದ್ದಂತೆ. ಕರು ಒಮ್ಮೆ ಕತ್ತು ಕೊಡವಿ ನೊಗ ಬೀಳಿಸಿತು. ಎರಡನೆಯ ಸಲವೂ ಬೀಳಿಸಿತು. ಅಪ್ಪನ ಬಾರುಕೋಲು ಅದರ ಬೆನ್ನ ಮೇಲೆ ಬಿತ್ತು. ಕರು ತಲೆ ತಗ್ಗಿಸಿ, ಕಟ್ಟಿದ ಹಗ್ಗ ಜಗ್ಗುತ್ತ ಅಪ್ಪನ ಕಡೆ ತಿರುಗಿತು.

"ಹುಟ್ಟುಗುಣ ಸುಟ್ಟರೂ ಹೋಗಂಗಿಲ್ರೀ. ಹಗ್ಗ ಹಾಕ್ಲೇನು?" ಎಂದ ವ್ಯಾಪಾರಿ.

ನನ್ನ ಕಿವಿ ಕಾದವು. ಕಾಲ ಬಳಿ ಒಂದು ಕಲ್ಲಿತ್ತು, ಎತ್ತಿಕೊಂಡೆ ಕೂಡ. ಯಾರಿಗೆ ಬೀಸುತ್ತಿದ್ದೆನೋ, ಅಪ್ಪನಿಗೋ ವ್ಯಾಪಾರಿಗೋ, ಇವತ್ತಿಗೂ ಹೇಳಲು ನಾಚಿಕೆ. ಆದರೆ ಕಾಲುಗಳಿಗೆ ಎರಡು ವರ್ಷದ ರೂಢಿಯಾಗಿತ್ತು. ಕಲ್ಲು ಬಿಸಾಕಿ, ಕೊಡ ಹಿಡಿದು ಬೋರಿಂಗಿಗೆ ಓಡಿದೆ. ಹಿಂದೆ ವ್ಯಾಪಾರಿ ನಕ್ಕಿದ್ದು ಕೇಳಿಸಿತು. ಹಿಡಿಕೆ ಒತ್ತಿದೆ, ಒತ್ತಿದೆ, ಕೊಡ ತುಳುಕುವವರೆಗೂ ಒತ್ತಿದೆ.

ಮರಳಿ ಬಂದು ಅಪ್ಪನ ಮುಂದೆ ಕೊಡ ಇಟ್ಟೆ. "ಯಪ್ಪಾ, ಕೋಲು ಕೆಳಗಿಡು. ನೀರು ಕುಡಿ," ಎಂದೆ.

ಅಪ್ಪ ನನ್ನನ್ನೇ ದಿಟ್ಟಿಸಿದರು. ಇನ್ನೇನು ಕೆನ್ನೆಗೆ ಏಟು ಬಿತ್ತು ಎಂದುಕೊಂಡೆ. ಆದರೆ ಅವರು ಕೋಲು ಕೆಳಗಿಟ್ಟು, ಬೊಗಸೆ ತುಂಬ ನೀರು ಕುಡಿದು, ಮುಖಕ್ಕೂ ಹಾಕಿಕೊಂಡರು. ಉಳಿದ ನೀರನ್ನು ನಾನು ಬಕೆಟ್ಟಿಗೆ ಸುರಿದು ಕರುವಿನ ಮುಂದೆ ಇಟ್ಟೆ. ಅದು ಸೊರಸೊರ ಹೀರುತ್ತಿರುವಾಗ ಕತ್ತಿನ ಕೆಳಗೆ ತುರಿಸಿದೆ. ಕಣ್ಣು ಮುಚ್ಚಿತು. "ಈಗ ನೀ ತುರಸು," ಎಂದು ಅಪ್ಪನ ಕೈಯನ್ನು ಅಲ್ಲಿಗೆ ಒಯ್ದೆ. ಆ ದೊಡ್ಡ ಕೈ ಮೊದಲು ಅಂಜಿತು, ಆಮೇಲೆ ಮೆಲ್ಲಗೆ ಆಡಿತು. ಅಪ್ಪ ನೊಗವಿಟ್ಟರು. ಕರು ಅಲುಗಲಿಲ್ಲ.

ನಾನು ಮುಂದೆ ನಡೆದೆ, ಅದು ಹಿಂದೆ ಬಂತು. ದಿಮ್ಮಿ ಧೂಳೆಬ್ಬಿಸುತ್ತ ಕಾಲುವೆಯವರೆಗೆ ಹೋಗಿ ತಿರುಗಿ ಬಂತು. ಓಣಿಯ ಹುಡುಗರು ಸಿಳ್ಳೆ ಹಾಕಿದರು. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ವ್ಯಾಪಾರಿಗೆ, "ಯಾರಿಗೆ ಹುಟ್ಟಿತಂತ ನೋಡಿದಿ. ಯಾರ ಕೈಯಾಗ ಬೆಳದೈತಿ ಅದನ್ನೂ ನೋಡು," ಎಂದರು. ಅವನು ಹಗ್ಗ ಸುತ್ತಿಕೊಂಡು ಬಸ್ಸಿಗೆ ಹೋದ.

ಈಗ ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಬರುತ್ತದೆ, ನಲ್ಲಿ ತಿರುಗಿಸಿದರೆ ಮನೆಯೊಳಗೇ ನೀರು. ಮೊಮ್ಮಕ್ಕಳೇ, ನಿಮಗೆ ಕೊಡ ಹೊರುವ ಕೆಲಸವೇ ಇಲ್ಲ. ಆದರೆ ಮೊಬೈಲ್ ಆಟದಲ್ಲಿ ಸೋತಾಗ ನಿಮ್ಮ ಕಿವಿ ಕೆಂಪಾಗುವುದನ್ನು ನಾನು ಕಂಡಿದ್ದೇನೆ. "ತಾತನ ರಕ್ತ" ಎಂದು ಮನೆಯವರು ಬೈದರೆ ನಾನು ಇಲ್ಲವೆನ್ನುವುದಿಲ್ಲ, ನನ್ನದೇ. ಹಿತ್ತಲಿನ ಕರಿಬೇವಿಗೆ ಒಂದು ಬಕೆಟ್ ನೀರು ಹಾಕಿ ಬನ್ನಿ ಎಂದು ಕಳಿಸುತ್ತೇನೆ, ಅಷ್ಟೆ. ನಿನ್ನೆ ನಿಮ್ಮಲ್ಲಿ ಚಿಕ್ಕವನು ಎಸೆಯಲೆಂದು ಎತ್ತಿದ್ದ ಮೊಬೈಲನ್ನು ಕೆಳಗಿಟ್ಟು, ಯಾರೂ ಹೇಳದೆ ತಾನೇ ಬಕೆಟ್ ಹಿಡಿದು ಓಡಿದ. ಆ ಕರುವೇ ಮತ್ತೊಮ್ಮೆ ಕಾಲುವೆ ಮುಟ್ಟಿ ಬಂದಷ್ಟು ಸಂತೋಷವಾಯಿತು ನನಗೆ.